ಮಕ್ಕಳ ನೀರಾಟವೂ ಭೌತವಿಜ್ಞಾನವೂ

ನಡೆಯಲು ಕಲಿತ ಮಗುವೊಂದು ಮನೆಯಲ್ಲಿದ್ದರೆ ಬಚ್ಚಲಮನೆಯ ಬಾಗಿಲನ್ನು ತೆರೆದಿಡುವಂತಿಲ್ಲ. ಬಾಗಿಲು ತೆರೆದಿರುವುದು ಕಂಡೊಡನೆ ಮಗು ಒಳಹೊಕ್ಕು ಚೊಂಬನ್ನು ಕೈಗೆತ್ತಿಕೊಳ್ಳುತ್ತದೆ. ನೀರು ಮೊಗೆದು ನೆಲಕ್ಕೆ ಸುರಿಯುತ್ತದೆ. ಮತ್ತೆ ಮೊಗೆಯುತ್ತದೆ, ಮತ್ತೆ ಸುರಿಯುತ್ತದೆ. ಅಡಿಗೆಮನೆಯಲ್ಲಿ ಅದಕ್ಕೆ ಕಲಸಿದ ಹಿಟ್ಟು ಬೇಕು. ಅಂಗಳದಲ್ಲಿ ಕೆಸರು ಬೇಕು. ಇದಕ್ಕೆ ಹಿರಿಯರಿಂದ ದೊರೆಯುವ ಉತ್ತರವೋ ಎಲ್ಲ ಮನೆಗಳಲ್ಲಿಯೂ ಹೆಚ್ಚು ಕಡಮೆ ಒಂದೇ: "ನೀರಾಡಬೇಡ, ನೆಗಡಿಯಾಗುತ್ತದೆ, ಮಣ್ಣು ಮುಟ್ಟಬೇಡ, ಕೈ ಕೊಳೆಯಾಗುತ್ತದೆ." ಮಗು ಅಳುತ್ತದೆ, ಬಾಗಿಲು ಮುಚ್ಚುತ್ತದೆ, ಮನೆ ಒಣಗಿ ಸ್ವಚ್ಛವಾಗಿ ಉಳಿಯುತ್ತದೆ.

ಹೀಗೆ ಉಳಿಸಿಕೊಂಡ ಸ್ವಚ್ಛತೆಗೆ ನಾವು ತೆರುವ ಬೆಲೆ ಎಷ್ಟೆಂಬುದನ್ನು ಸ್ವಲ್ಪ ಪರಿಶೀಲಿಸೋಣ. ಕಾಲೇಜಿನ ತರಗತಿಗಳಲ್ಲಿ ನಮಗೆ ಆಗಾಗ ಕಂಡುಬರುವ ಒಂದು ಸಂಗತಿಯುಂಟು. ಸಾಂದ್ರತೆಯ ಸೂತ್ರವನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಯನ್ನು, "ಒಂದು ಬಕೆಟು ನೀರಿನ ತೂಕ ಎಷ್ಟಿದ್ದೀತು?" ಎಂದು ಕೇಳಿದರೆ ಅವನು ತಬ್ಬಿಬ್ಬಾಗುತ್ತಾನೆ. ಸೂತ್ರವು ಅವನ ನಾಲಗೆಯ ತುದಿಯಲ್ಲಿದೆ, ಕೈಗೆ ಮಾತ್ರ ಅದರ ಪರಿಚಯವಿಲ್ಲ. ವಸ್ತುಗಳ ಗುಣಗಳನ್ನು ಕೈಯಿಂದ ಅರಿಯುವ ಕಾಲವೊಂದು ಮನುಷ್ಯನ ಬಾಳಿನಲ್ಲಿ ಬಹು ಮೊದಲೇ ಬರುತ್ತದೆ. ಒಂದು ವರ್ಷದಿಂದ ಆರು ವರ್ಷದವರೆಗಿನ ಆ ಕಾಲದಲ್ಲಿ ಬಚ್ಚಲಮನೆಯೇ ಪ್ರಯೋಗಶಾಲೆ, ಚೊಂಬೇ ಉಪಕರಣ. ಆದರೆ ಇದೇ ಪ್ರಯೋಗಶಾಲೆಯಲ್ಲಿ ಪ್ರಾಣಾಪಾಯವೂ ಇದೆ. ಆದುದರಿಂದ ಅದನ್ನು ಮುಚ್ಚದೆ, ಅಲ್ಲಿ ಕಾವಲು ನಿಲ್ಲಲು ಬಲ್ಲ ಹಿರಿಯರು ಬೇಕು. ಮನೆಯಲ್ಲಿ ತಮ್ಮ ತಂಗಿಯರೋ ಅಕ್ಕನ ಮಕ್ಕಳೋ ಇರುವ ವಿದ್ಯಾರ್ಥಿಗಳೇ, ಆ ಹಿರಿಯರು ನೀವೂ ಆಗಬಹುದೆಂಬ ಉದ್ದೇಶದಿಂದಲೇ ಈ ಲೇಖನ.

ಒದ್ದೆ ಎಂಬುದು ಏನು?

ಕಣ್ಣು ಮುಚ್ಚಿ ಬೆರಳನ್ನು ನೀರಿಗೆ ಅದ್ದಿದರೂ ಅದು ಒದ್ದೆಯಾಯಿತೆಂದು ನಮಗೆ ಕೂಡಲೇ ತಿಳಿಯುತ್ತದೆ. ಆದುದರಿಂದ ಚರ್ಮದಲ್ಲಿ ಒದ್ದೆಯನ್ನು ಗುರುತಿಸುವ ಪ್ರತ್ಯೇಕ ನರಾಗ್ರಗಳು ಇರಬೇಕೆಂದು ಯಾರಾದರೂ ಊಹಿಸಿಯಾರು. ಆಶ್ಚರ್ಯದ ಮಾತೆಂದರೆ, ಮನುಷ್ಯನ ಚರ್ಮದಲ್ಲಿ ಅಂಥವು ಇಲ್ಲವೇ ಇಲ್ಲ. ಒತ್ತಡವನ್ನು ಅರಿಯುವ ನರಾಗ್ರಗಳಿವೆ, ಕಂಪನವನ್ನು ಅರಿಯುವವು ಇವೆ, ತಂಪನ್ನೂ ಬಿಸಿಯನ್ನೂ ಅರಿಯುವವು ಇವೆ. ಇವುಗಳ ಮೂಲದಲ್ಲಿರುವ ಅಣುಗಳನ್ನು ಕಂಡುಹಿಡಿದುದಕ್ಕಾಗಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಎಂಬ ಇಬ್ಬರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಒದ್ದೆಯೆಂಬ ಅನುಭವವನ್ನು ಮಿದುಳು ತಾನೇ ಹೆಣೆದುಕೊಳ್ಳಬೇಕು. ತಂಪು ಮತ್ತು ಮೃದುವಾದ ಸಮ ಒತ್ತಡ, ಇವೆರಡೂ ಒಟ್ಟಿಗೆ ಬಂದರೆ ಅದನ್ನು ಮಿದುಳು ಒದ್ದೆಯೆಂದು ಓದಿಕೊಳ್ಳುತ್ತದೆ.

ಬೆಂಟ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1900ರಲ್ಲಿಯೇ ಇದನ್ನು ಪ್ರಯೋಗದಿಂದ ಎತ್ತಿ ತೋರಿಸಿದನು. ಇದರ ಒಂದು ರೂಪವನ್ನು ನೀವೂ ಮಾಡಿ ನೋಡಬಹುದು. ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು, ನೀರು ಒಳಗೆ ನುಗ್ಗದಂತೆ ಮಣಿಕಟ್ಟಿನವರೆಗೆ ತಣ್ಣೀರಿನಲ್ಲಿ ಮುಳುಗಿಸಿರಿ. ಕೈ ಪೂರ್ಣವಾಗಿ ಒಣಗಿಯೇ ಇದ್ದರೂ ಒದ್ದೆಯಾದಂತೆಯೇ ಭಾಸವಾಗುತ್ತದೆ. ಹಗ್ಗದಲ್ಲಿ ಒಣಹಾಕಿದ ಬಟ್ಟೆಯನ್ನು ಚಳಿಗಾಲದ ಮುಂಜಾನೆ ಮುಟ್ಟಿ, "ಇದು ಇನ್ನೂ ಹಸಿಯೋ, ಬರಿಯ ತಣ್ಣಗಿದೆಯೋ" ಎಂದು ನಾವು ಅನುಮಾನಪಡುವುದೂ ಈ ಕಾರಣದಿಂದಲೇ.

ಇದರಿಂದ ತಿಳಿಯಬೇಕಾದುದೇನು? ಹಸಿ, ಜಿಗುಟು, ಒರಟು, ಲೋಳೆ ಎಂಬ ಇಂಥ ಅನುಭವಗಳು ಹೊರಗಿನಿಂದ ಸಿದ್ಧವಾಗಿ ಒಳಗೆ ಬರುವುದಿಲ್ಲ. ಹಲವು ಸಂಕೇತಗಳನ್ನು ಕೂಡಿಸಿ ಅವುಗಳ ಅರ್ಥವನ್ನು ಗ್ರಹಿಸುವ ಅಭ್ಯಾಸ ಬೇಕು. ಮುಟ್ಟದೆ ಆ ಅಭ್ಯಾಸವಾಗದು. ನಾದಿದ ಹಿಟ್ಟನ್ನು ಮಗು ಹತ್ತು ಸಾರಿ ಹಿಸುಕುತ್ತಿದ್ದರೆ ಅದು ತನ್ನ ಪಾಠವನ್ನು ಓದಿಕೊಳ್ಳುತ್ತಿದೆ ಎಂದು ತಿಳಿಯಬೇಕು.

ಎರಡು ಲೋಟಗಳ ಪ್ರಶ್ನೆ

ಸ್ವಿಟ್ಸರ್ಲೆಂಡಿನ ಜೀನ್ ಪಿಯಾಜೆ (1896–1980) ಮಕ್ಕಳ ಆಲೋಚನಾಕ್ರಮವನ್ನು ಜೀವಮಾನವೆಲ್ಲ ಅಭ್ಯಸಿಸಿದ ವಿದ್ವಾಂಸ. ಅವನ ಹೆಸರಿನೊಡನೆ ಸೇರಿಕೊಂಡಿರುವ ಒಂದು ಪ್ರಯೋಗ ಬಹು ಸರಳವಾದುದು. ಒಂದೇ ಬಗೆಯ ಎರಡು ಲೋಟಗಳಿಗೆ ಒಂದೇ ಮಟ್ಟದವರೆಗೆ ನೀರು ತುಂಬಿ, ಎರಡರಲ್ಲಿಯೂ ಸಮನಾಗಿದೆಯೆಂದು ಮಗುವಿನಿಂದಲೇ ಹೇಳಿಸಬೇಕು. ಬಳಿಕ ಮಗುವಿನ ಕಣ್ಣೆದುರಿಗೇ ಒಂದು ಲೋಟದ ನೀರನ್ನು ಉದ್ದನೆಯ ಕಿರಿದಾದ ಲೋಟಕ್ಕೆ ಸುರಿದು, "ಈಗ ಯಾವುದರಲ್ಲಿ ಹೆಚ್ಚು ನೀರಿದೆ?" ಎಂದು ಕೇಳಬೇಕು. ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ ಉದ್ದನೆಯ ಲೋಟದ ಕಡೆಗೇ ಬೆರಳು ತೋರಿಸುತ್ತದೆ. ಏಳು ವರ್ಷದ ಆಸುಪಾಸಿನಲ್ಲಿ ಉತ್ತರ ಬದಲಾಗುತ್ತದೆ. "ನೀರು ಅಷ್ಟೇ ಇದೆ. ಲೋಟ ಕಿರಿದಾಗಿರುವುದರಿಂದ ಎತ್ತರಕ್ಕೆ ಏರಿದೆ" ಎನ್ನುತ್ತದೆ ಮಗು.

ದ್ರವವು ಆಕಾರವನ್ನು ಬದಲಿಸಿದರೂ ಅದರ ಪ್ರಮಾಣ ಬದಲಾಗದು ಎಂಬುದು ನಮಗೆ ಹೇಳಬೇಕಾಗಿಯೇ ಇಲ್ಲದ ಸಂಗತಿಯಾಗಿ ತೋರುತ್ತದೆ. ಭೌತವಿಜ್ಞಾನದಲ್ಲಿ ಮುಂದೆ ಬರುವ ದ್ರವ್ಯದ ಉಳಿವು, ಶಕ್ತಿಯ ಉಳಿವು ಮೊದಲಾದ ಎಲ್ಲ ನಿಯಮಗಳಿಗೂ ಈ ತಿಳಿವಳಿಕೆಯೇ ತಳಹದಿ. ಆದರೆ ಅದು ಹುಟ್ಟಿನಿಂದ ಬಂದುದಲ್ಲ. ಪ್ರತಿಯೊಬ್ಬ ಮನುಷ್ಯನೂ ತನ್ನ ಬಾಲ್ಯದಲ್ಲಿ ಅದನ್ನು ಹೊಸದಾಗಿ ಸಂಪಾದಿಸಬೇಕಾಗುತ್ತದೆ.

ಇಂಥ ಸಂಪಾದನೆಗೆ ಕೈಯ ಕೆಲಸ ನೆರವಾಗುವುದೇ? ಈ ಪ್ರಶ್ನೆಗೆ ಸಂಬಂಧಪಟ್ಟ ಸೊಗಸಾದ ಅಧ್ಯಯನವೊಂದು 1969ರಲ್ಲಿ ಪ್ರಕಟವಾಯಿತು. ಪ್ರೈಸ್-ವಿಲಿಯಮ್ಸ್, ಗಾರ್ಡನ್ ಮತ್ತು ರಾಮಿರೆಝ್ ಎಂಬ ಮೂವರು ಮೆಕ್ಸಿಕೋ ದೇಶದಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದರು. ಮಕ್ಕಳಲ್ಲಿ ಕೆಲವರು ಕುಂಬಾರರ ಮನೆಯವರು. ಉಳಿದವರು ಅದೇ ಪರಿಸರದ ಬೇರೆ ಕಸುಬಿನವರ ಮನೆಗಳಿಂದ ಬಂದವರು. ಮಣ್ಣಿನ ಉಂಡೆಯನ್ನು ಚಪ್ಪಟೆ ಮಾಡಿದರೆ ಅಥವಾ ಉದ್ದಕ್ಕೆ ಹೊಸೆದರೆ ಮಣ್ಣಿನ ಪ್ರಮಾಣ ಬದಲಾಗುವುದೇ ಎಂಬ ಪ್ರಶ್ನೆಗೆ ಕುಂಬಾರರ ಮಕ್ಕಳು ಉಳಿದವರಿಗಿಂತ ಉತ್ತಮವಾಗಿ ಉತ್ತರಿಸಿದರು. ಅವರಿಗೆ ಯಾರೂ ಆ ನಿಯಮವನ್ನು ಬೋಧಿಸಿರಲಿಲ್ಲ. ದಿನವೂ ತಂದೆಯ ಪಕ್ಕದಲ್ಲಿ ಕುಳಿತು ಮಣ್ಣು ಕಲಸಿದ ಕೈಗಳೇ ಅವರಿಗೆ ಅದನ್ನು ಕಲಿಸಿದ್ದಿರಬೇಕು. ಒಂದೇ ಅಧ್ಯಯನದಿಂದ ದೊಡ್ಡ ಸಿದ್ಧಾಂತವನ್ನು ಕಟ್ಟುವುದು ಸರಿಯಲ್ಲ, ಆದರೂ "ಕೆಸರಿನಲ್ಲಿ ಆಡಿ ಮಗು ಕಲಿಯುವುದಾದರೂ ಏನು?" ಎಂದು ಕೇಳುವವರು ಈ ಕುಂಬಾರರ ಮಕ್ಕಳನ್ನು ಒಮ್ಮೆ ನೆನೆದುಕೊಳ್ಳಬೇಕು.

ಬೋರಲು ಲೋಟದೊಳಗಿನ ಗಾಳಿ

ನೀರಾಟದಲ್ಲಿ ತೊಡಗಿದ ಮಗು ಇಂದಲ್ಲ ನಾಳೆ ಖಾಲಿ ಲೋಟವನ್ನು ಬೋರಲು ಮಾಡಿ ನೀರಿನೊಳಗೆ ಒತ್ತಿಯೇ ಒತ್ತುತ್ತದೆ. ಏನೋ ಒಂದು ಶಕ್ತಿ ಕೈಯನ್ನು ಮೇಲಕ್ಕೆ ತಳ್ಳುತ್ತದೆ. ಲೋಟವನ್ನು ಸ್ವಲ್ಪ ಓರೆ ಮಾಡಿದರೆ ಗುಳುಗುಳು ಸದ್ದಿನೊಡನೆ ಗುಳ್ಳೆಗಳು ಹೊರಬರುತ್ತವೆ, ಮಗು ನಗುತ್ತದೆ. ಖಾಲಿ ಎಂದುಕೊಂಡಿದ್ದ ಲೋಟದಲ್ಲಿ ಗಾಳಿ ತುಂಬಿತ್ತೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯ ಬೇಕಿಲ್ಲ. ಲೋಟದ ತಳಕ್ಕೆ ಒಣ ಬಟ್ಟೆಯ ಚೂರೊಂದನ್ನು ಭದ್ರವಾಗಿ ತುರುಕಿ ನೇರವಾಗಿ ಮುಳುಗಿಸಿ ತೆಗೆದರೆ ಬಟ್ಟೆ ಒಣಗಿಯೇ ಇರುವುದನ್ನು ನೀವು ಮಗುವಿಗೆ ತೋರಿಸಬಹುದು.

ಈ ಆಟ ಬಹಳ ಹಳೆಯದು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಸಿಸಿಲಿ ದ್ವೀಪದಲ್ಲಿದ್ದ ಎಂಪೆಡಾಕ್ಲೀಸ್ ಎಂಬ ಗ್ರೀಕ್ ತತ್ತ್ವಜ್ಞಾನಿ ಉಸಿರಾಟವನ್ನು ವಿವರಿಸಲು ಬಳಸಿದ ಉಪಮೆ ನೀರಿನಲ್ಲಿ ಆಡುತ್ತಿರುವ ಹುಡುಗಿಯೊಬ್ಬಳದು. ಆಕೆಯ ಕೈಯಲ್ಲಿ ತಳಕ್ಕೆ ಸಣ್ಣ ತೂತುಗಳಿರುವ ಲೋಹದ ಪಾತ್ರೆಯಿದೆ. ಮೇಲಿನ ಬಾಯನ್ನು ಕೈಯಿಂದ ಮುಚ್ಚಿ ಮುಳುಗಿಸಿದರೆ ನೀರು ಒಳಗೆ ಬರುವುದಿಲ್ಲ. ಕೈ ತೆಗೆದರೆ ಗಾಳಿ ಹೊರಟು ನೀರು ನುಗ್ಗುತ್ತದೆ. ಕಣ್ಣಿಗೆ ಕಾಣದ ಗಾಳಿಯೂ ಒಂದು ವಸ್ತುವೇ ಎಂಬ ವಿಚಾರವನ್ನು ನಿರೂಪಿಸುವವರಿಗೆ ಅಂದಿನಿಂದಲೂ ಒದಗಿಬಂದಿರುವುದು ಮಕ್ಕಳ ಈ ಆಟವೇ.

ತೂತುಗಳ ಮಾತು ಬಂದುದರಿಂದ ಇನ್ನೊಂದು ಪ್ರಯೋಗವನ್ನು ಹೇಳಿಬಿಡೋಣ. ಹಳೆಯ ಪ್ಲಾಸ್ಟಿಕ್ ಬಾಟಲಿಯ ಪಕ್ಕದಲ್ಲಿ ಬೇರೆ ಬೇರೆ ಎತ್ತರಗಳಲ್ಲಿ ಮೂರು ತೂತುಗಳನ್ನು ಮಾಡಿ ನೀರು ತುಂಬಿರಿ. ಆಳ ಹೆಚ್ಚಿದಂತೆ ಒತ್ತಡ ಹೆಚ್ಚುವುದರಿಂದ ಕೆಳಗಿನ ತೂತಿನ ನೀರು ಹೆಚ್ಚು ವೇಗದಿಂದ ಚಿಮ್ಮುತ್ತದೆ. ಈ ವೇಗದ ನಿಯಮವನ್ನು ಟಾರಿಚೆಲ್ಲಿ 1644ರಲ್ಲಿ ಪ್ರಕಟಿಸಿದನು. ಅದರಂತೆ ನೀರಿನ ಮೇಲ್ಮಟ್ಟದಿಂದ 5 ಸೆಂಟಿಮೀಟರ್ ಆಳದ ತೂತಿನಿಂದ ನೀರು ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿಯೂ 20 ಸೆಂಟಿಮೀಟರ್ ಆಳದಿಂದ ಸುಮಾರು 2 ಮೀಟರ್ ವೇಗದಲ್ಲಿಯೂ ಹೊರಡಬೇಕು. ಹಾಗಾದರೆ ಎಲ್ಲಕ್ಕಿಂತ ಕೆಳಗಿನ ಧಾರೆಯೇ ಎಲ್ಲಕ್ಕಿಂತ ದೂರ ಹೋಗಿ ಬೀಳುವುದೇ? ಬಾಟಲಿಯನ್ನು ಸಮನಾದ ನೆಲದ ಮೇಲೆ ಇಟ್ಟು ನೋಡಿರಿ. ದೂರ ಬೀಳುವುದು ನೀರಿನ ಎತ್ತರದ ಸರಿಮಧ್ಯದ ತೂತಿನ ಧಾರೆ! ಕೆಳಗಿನ ಧಾರೆಗೆ ವೇಗವಿದ್ದರೂ ನೆಲ ಹತ್ತಿರವಾದುದರಿಂದ ಹಾರಲು ಹೊತ್ತು ಸಾಲುವುದಿಲ್ಲ. ಕಾಲು ಎತ್ತರದ ತೂತೂ ಮುಕ್ಕಾಲು ಎತ್ತರದ ತೂತೂ ಲೆಕ್ಕದ ಪ್ರಕಾರ ಒಂದೇ ದೂರಕ್ಕೆ ಧಾರೆಯನ್ನು ಕಳುಹಿಸಬೇಕು. ಮಗುವಿಗೆ ಇದು ಕಾರಂಜಿ. ಕಾಲೇಜು ವಿದ್ಯಾರ್ಥಿಗಳಾದ ನಿಮಗೆ ಇದು ಒಂದು ಸಂಜೆಯ ಲೆಕ್ಕ.

ಮರಳಿನ ಗೂಡು, ಹಿಟ್ಟಿನ ಹಟ

ಒಣ ಮರಳಿನಿಂದ ಗೂಡು ಕಟ್ಟಲಾಗದು. ನೀರಿನಲ್ಲಿ ಕದಡಿದ ಮರಳಿನಿಂದಲೂ ಆಗದು. ಹದವಾಗಿ ತೇವವಾದ ಮರಳು ಮಾತ್ರ ಕಾಲಿನ ಮೇಲೆ ಒತ್ತಿ ಕಾಲೆಳೆದುಕೊಂಡರೂ ಕುಸಿಯದೆ ಗೂಡಾಗಿ ನಿಲ್ಲುತ್ತದೆ. ಒಣ ಮರಳಿಗೂ ಇಲ್ಲದ, ನೀರಿಗೂ ಇಲ್ಲದ ಬಿಗಿತ ಎರಡೂ ಸೇರಿದಾಗ ಎಲ್ಲಿಂದ ಬರುತ್ತದೆ? ಒಂದು ಕಣಕ್ಕೂ ಇನ್ನೊಂದು ಕಣಕ್ಕೂ ನಡುವೆ ನೀರಿನ ಅತಿ ಸಣ್ಣ ಸೇತುವೆಗಳು ಏರ್ಪಡುತ್ತವೆ. ಪ್ರತಿಯೊಂದು ಸೇತುವೆಯ ಮೇಲ್ಮೈಯೂ ಎಳೆದು ಕಟ್ಟಿದ ರಬ್ಬರಿನ ಹಾಳೆಯಂತೆ ಕುಗ್ಗಲು ಯತ್ನಿಸುತ್ತ ಕಣಗಳನ್ನು ಒಂದಕ್ಕೊಂದು ಸೆಳೆದು ಹಿಡಿಯುತ್ತದೆ. ನೀರು ಅತಿಯಾದರೆ ಸೇತುವೆಗಳೆಲ್ಲ ಒಂದಾಗಿ, ಸೆಳೆಯುವ ಮೇಲ್ಮೈಯೇ ಇಲ್ಲವಾಗಿ ಗೂಡು ಕರಗಿಹೋಗುತ್ತದೆ. ಡೇನಿಯಲ್ ಬಾನ್ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಅತ್ಯಂತ ಗಟ್ಟಿಯಾದ ಮರಳಿನ ಕಂಬಕ್ಕೆ ಗಾತ್ರದಲ್ಲಿ ನೂರಕ್ಕೆ ಒಂದು ಭಾಗದಷ್ಟು ನೀರು ಸಾಕು. ಈ ಹದವನ್ನು ಮಗು ಅಳತೆಯಿಂದಲ್ಲದೆ, ಕಟ್ಟಿ ಕೆಡವಿ ಕಂಡುಕೊಳ್ಳುತ್ತದೆ.

ಮಲ್ಪೆಯಲ್ಲಿಯೋ ಕಾರವಾರದಲ್ಲಿಯೋ ಅಲೆ ಹಿಂದೆ ಸರಿದ ಮೇಲೆ ಹಸಿ ಮರಳಿನ ಮೇಲೆ ಕಾಲಿಟ್ಟವರು, ಕಾಲಿನ ಸುತ್ತಲಿನ ಮರಳು ಒಮ್ಮೆಗೇ ಒಣಗಿದಂತೆ ಬೆಳ್ಳಗಾಗುವುದನ್ನು ಕಂಡಿರಬಹುದು. ಒತ್ತಿದರೆ ನೀರು ಮೇಲಕ್ಕೆ ಬರಬೇಕಷ್ಟೆ? ಇಲ್ಲಿ ಅದು ಕೆಳಗಿಳಿಯುತ್ತದೆ! ಒತ್ತೊತ್ತಾಗಿ ಜೋಡಣೆಗೊಂಡಿದ್ದ ಕಣಗಳು ಕಾಲಿನ ಒತ್ತಡದಿಂದ ಒಂದರ ಮೇಲೊಂದು ಹತ್ತಿ ಜರುಗುವುದರಿಂದ ಅವುಗಳ ನಡುವಣ ಎಡೆ ಹೆಚ್ಚುತ್ತದೆ. ಮೇಲಿನ ನೀರು ಆ ಎಡೆಗೆ ಇಳಿದುಹೋಗುತ್ತದೆ. ಇದನ್ನು 1885ರಲ್ಲಿ ವಿವರಿಸಿದವನು ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್.

ಹಿಟ್ಟಿನದು ಇನ್ನೂ ವಿಚಿತ್ರ. ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂಬ ಹೆಸರಿನಿಂದ ದೊರೆಯುವ ಬಿಳಿಯ ಪಿಷ್ಟವನ್ನು ಎರಡು ಬಟ್ಟಲು ತೆಗೆದುಕೊಂಡು, ಸುಮಾರು ಒಂದು ಬಟ್ಟಲು ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿರಿ. (ಮೆಕ್ಕೆಜೋಳವನ್ನು ಇಡಿಯಾಗಿ ಬೀಸಿದ ಹಳದಿ ಹಿಟ್ಟು ಇದಕ್ಕೆ ಒದಗದು.) ಬೆರಳನ್ನು ನಿಧಾನವಾಗಿ ಅದ್ದಿದರೆ ಅದು ಮಜ್ಜಿಗೆಯಂತೆ ದಾರಿ ಬಿಡುತ್ತದೆ, ಮುಷ್ಟಿಯಿಂದ ಗುದ್ದಿದರೆ ಕಲ್ಲಿನಂತೆ ಎದುರು ನಿಲ್ಲುತ್ತದೆ. ಅಂಗೈಯಲ್ಲಿಟ್ಟು ಉರುಟುತ್ತಿರುವವರೆಗೆ ಉಂಡೆ. ಉರುಟುವುದನ್ನು ನಿಲ್ಲಿಸಿದೊಡನೆ ಬೆರಳುಗಳ ಸಂದಿಯಿಂದ ಸೋರಿಹೋಗುವ ದ್ರವ. ನೀರಿನಲ್ಲಿ ತೇಲಾಡುತ್ತಿರುವ ಪಿಷ್ಟದ ಕಣಗಳು ನಿಧಾನವಾಗಿ ತಳ್ಳಿದರೆ ಒಂದರ ಪಕ್ಕದಲ್ಲೊಂದು ನುಸುಳಿಕೊಳ್ಳುತ್ತವೆ. ಥಟ್ಟನೆ ತಳ್ಳಿದರೆ ನುಸುಳಲು ಹೊತ್ತು ಸಾಲದೆ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಗುದ್ದಿನ ಕೆಳಗೆ ಇಂಥ ಕಣಗಳ ಗಟ್ಟಿ ಮುದ್ದೆಯೊಂದು ಕ್ಷಣಾರ್ಧದಲ್ಲಿ ಬೆಳೆಯುತ್ತ ಹೋಗುವುದನ್ನು ಷಿಕಾಗೋ ವಿಶ್ವವಿದ್ಯಾನಿಲಯದ ವೈಟುಕೈಟಿಸ್ ಮತ್ತು ಯೇಗರ್ 2012ರಲ್ಲಿ ತೋರಿಸಿಕೊಟ್ಟರು. ಆಟ ಮುಗಿದ ಬಳಿಕ ಇದನ್ನು ಬಚ್ಚಲಿಗೆ ಚೆಲ್ಲಬಾರದು. ಪಿಷ್ಟವು ಕೊಳವೆಯಲ್ಲಿ ತಂಗಿ ದಾರಿಯನ್ನೇ ಕಟ್ಟಿಬಿಡುತ್ತದೆ. ಒಣಗಿಸಿ ಕೆರೆದು ಕಸಕ್ಕೆ ಹಾಕುವುದು ಲೇಸು.

ಪಾತ್ರೆ ತೊಳೆಯುವ ನೀರಿನಿಂದ ಹೊರಟ ಸಂಶೋಧನೆ

ಇಂಥ ಮನೆಯಾಟದಿಂದ ನಿಜವಾದ ವಿಜ್ಞಾನ ಹುಟ್ಟೀತೇ ಎಂದು ಸಂದೇಹಪಡುವವರು ಆಗ್ನೆಸ್ ಪಾಕೆಲ್ಸಳ ವೃತ್ತಾಂತವನ್ನು ಕೇಳಬೇಕು. ಆಕೆ ಹುಟ್ಟಿದುದು 1862ರಲ್ಲಿ. ಬಾಳಿದುದು ಜರ್ಮನಿಯ ಬ್ರೌನ್ಷ್ವೈಗ್ ಪಟ್ಟಣದಲ್ಲಿ. ಭೌತವಿಜ್ಞಾನದಲ್ಲಿ ಆಕೆಗೆ ಬಲು ಆಸಕ್ತಿ. ಆದರೆ ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಅಲ್ಲಿನ ವಿಶ್ವವಿದ್ಯಾನಿಲಯಗಳ ಬಾಗಿಲು ಮುಚ್ಚಿತ್ತು. ಕಾಯಿಲೆಯ ತಂದೆತಾಯಿಗಳ ಆರೈಕೆ, ಮನೆಗೆಲಸ, ಇವೇ ಆಕೆಯ ಪಾಲಿಗೆ ಬಂದವು. ಆದರೇನು, ಪಾತ್ರೆ ತೊಳೆಯುವ ನೀರಿನ ಮೇಲ್ಮೈ ಜಿಡ್ಡಿನಿಂದಲೂ ಸಾಬೂನಿನಿಂದಲೂ ಹೇಗೆ ಬದಲಾಗುತ್ತದೆಂಬುದನ್ನು ಆಕೆ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿಯೇ ಗಮನಿಸತೊಡಗಿದಳು. ತಗಡಿನ ತೊಟ್ಟಿಯೊಂದರಲ್ಲಿ ಅಂಚಿನವರೆಗೆ ನೀರು ತುಂಬಿ, ಅಡ್ಡಲಾಗಿ ತಗಡಿನ ಪಟ್ಟಿಯೊಂದನ್ನಿಟ್ಟು ಅದನ್ನು ಸರಿಸುತ್ತ ನೀರಿನ ಮೇಲ್ಮೈಯನ್ನು ಹಿಗ್ಗಿಸಲೂ ಕುಗ್ಗಿಸಲೂ ಉಪಾಯ ಮಾಡಿದಳು. ತಕ್ಕಡಿಗೆ ತೂಗುಹಾಕಿದ ಸಣ್ಣ ಗುಂಡಿಯೊಂದನ್ನು ನೀರಿನಿಂದ ಬಿಡಿಸಲು ಎಷ್ಟು ತೂಕ ಬೇಕೆಂಬುದರಿಂದ ಮೇಲ್ಮೈ ಎಳೆತವನ್ನು ಅಳೆದಳು.

ಇದೇ ವಿಷಯದಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲಿ ಕೆಲಸ ಮಾಡುತ್ತಿರುವನೆಂದು ಭೌತವಿಜ್ಞಾನವನ್ನು ಓದುತ್ತಿದ್ದ ತಮ್ಮನಿಂದ ತಿಳಿದುಬಂತು. 1891ರ ಜನವರಿ 10ರಂದು ಆಕೆ ರೇಲಿಗೆ ಜರ್ಮನ್ ಭಾಷೆಯಲ್ಲಿ ದೀರ್ಘವಾದ ಪತ್ರ ಬರೆದಳು. ರೇಲಿ ಅದರ ಬೆಲೆಯನ್ನು ಕೂಡಲೇ ಗುರುತಿಸಿದನು. ಅವನ ಶಿಫಾರಸಿನಿಂದ ಪತ್ರದ ಅನುವಾದ ಅದೇ ವರ್ಷದ ಮಾರ್ಚ್ 12ರ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಒಂದೇ ಅಣುವಿನಷ್ಟು ದಪ್ಪದ ಪೊರೆಗಳನ್ನು ಅಭ್ಯಸಿಸಿ 1932ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಲ್ಯಾಂಗ್ಮ್ಯೂರ್ ಬಳಸಿದ ತೊಟ್ಟಿಗೆ ಪಾಕೆಲ್ಸಳ ತಗಡಿನ ತೊಟ್ಟಿಯೇ ಪೂರ್ವಜ. ಅದೇ 1932ರಲ್ಲಿ ಬ್ರೌನ್ಷ್ವೈಗಿನ ತಾಂತ್ರಿಕ ವಿದ್ಯಾಲಯವು ಆಕೆಗೆ ಗೌರವ ಡಾಕ್ಟರೇಟ್ ನೀಡಿತು. ಆಗ ಆಕೆಗೆ ಎಪ್ಪತ್ತು ವರ್ಷ!

ಸಾಬೂನಿನ ಈ ಪ್ರಭಾವವನ್ನು ಮಗುವಿಗೆ ತೋರಿಸಲು ತಟ್ಟೆಯಲ್ಲಿ ನೀರು ತುಂಬಿ ಅದರ ಮೇಲೆ ಚಿಟಿಕೆ ಅರಿಶಿನದ ಪುಡಿಯನ್ನು ಉದುರಿಸಿ, ಸಾಬೂನು ಹಚ್ಚಿದ ಬೆರಳಿನಿಂದ ನಡುವೆ ಮುಟ್ಟಿದರಾಯಿತು. ಪುಡಿ ಅಂಚಿಗೆ ಓಡಿಬಿಡುತ್ತದೆ. ಕರ್ಪೂರದ ಚೂರು ನೀರಿನ ಮೇಲೆ ತಾನೇ ತಿರುಗಾಡುವ ಚೆಂದದ ಪ್ರಯೋಗವನ್ನು ನೀವು ಮಾಡಿ ನೋಡಬಹುದು. ಆದರೆ ಕರ್ಪೂರ ಎಳೆಯ ಮಕ್ಕಳಿಗೆ ವಿಷ. ಅದು ಮಗುವಿನ ಕೈಗೆ ಎಟುಕಬಾರದು.

ಬಕೆಟಿನ ಅಪಾಯ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಕಾಲು ಭಾಗದಷ್ಟು ಐದು ವರ್ಷ ತುಂಬದ ಮಕ್ಕಳು. ಮುಳುಗಲು ಕೆರೆ ಬಾವಿಗಳೇ ಬೇಕೆಂದಿಲ್ಲ. ಮೂಗು ಬಾಯಿ ಮುಚ್ಚುವಷ್ಟು, ಎಂದರೆ ಎರಡು ಅಂಗುಲದಷ್ಟು ನೀರು ಎಳೆಯ ಮಗುವಿಗೆ ಸಾಕು.

ಬಕೆಟು ಏಕೆ ಅಷ್ಟು ಅಪಾಯಕಾರಿ ಎಂಬುದನ್ನು ಬಲವಿಜ್ಞಾನದಿಂದ ಅರಿಯಬಹುದು. ಶಿಶು ಹುಟ್ಟಿದಾಗ ಅದರ ದೇಹದ ಉದ್ದದ ಸುಮಾರು ಕಾಲು ಭಾಗ ತಲೆಯೇ ಆಗಿರುತ್ತದೆ. ವಯಸ್ಕರಲ್ಲಿ ಇದು ಏಳೆಂಟರಲ್ಲಿ ಒಂದು ಭಾಗ. ತಲೆಯ ಭಾರದಿಂದಾಗಿ ಮಗುವಿನ ಗುರುತ್ವ ಕೇಂದ್ರವು ಹೊಕ್ಕುಳಿಗಿಂತ ಮೇಲಿರುತ್ತದೆ. ಒಂದು ವರ್ಷದ ಮಗುವಿನ ಎತ್ತರ ಸುಮಾರು 75 ಸೆಂಟಿಮೀಟರ್, ತೂಕ ಸುಮಾರು 9 ಕಿಲೋಗ್ರಾಂ ಎನ್ನೋಣ. ಬಕೆಟಿನ ಎತ್ತರ ಮೂವತ್ತು ಸೆಂಟಿಮೀಟರಿಗೆ ಸ್ವಲ್ಪ ಮೇಲು. ತೇಲುತ್ತಿರುವ ಆಟಿಕೆಯನ್ನು ಹಿಡಿಯಲು ಮಗು ಬಗ್ಗಿದಾಗ ಅದರ ಹೊಟ್ಟೆ ಬಕೆಟಿನ ಅಂಚಿಗೆ ತಗಲುತ್ತದೆ. ಅಂಚೇ ಸನ್ನೆಯ ಆಧಾರಬಿಂದುವಾಗಿ, ಗುರುತ್ವ ಕೇಂದ್ರವು ಅಂಚನ್ನು ದಾಟಿ ಒಳಗೆ ಬಂದಕೂಡಲೇ ಕಾಲುಗಳು ನೆಲವನ್ನು ಬಿಡುತ್ತವೆ. ಮಗು ತಲೆಕೆಳಗಾಗಿ ಒಳಗೆ ಬೀಳುತ್ತದೆ. ತನ್ನನ್ನು ಮೇಲಕ್ಕೆ ತಳ್ಳಿಕೊಳ್ಳುವಷ್ಟು ಬಲ ಅದರ ತೋಳುಗಳಲ್ಲಿಲ್ಲ.

ಬಕೆಟೇ ಉರುಳಿಬಿಟ್ಟರೆ ಮಗು ಬದುಕುತ್ತಿತ್ತು. ಆದರೆ 15 ಲೀಟರ್ ನೀರಿನ ತೂಕ 15 ಕಿಲೋಗ್ರಾಂ, ಮಗುವಿಗಿಂತ ಹೆಚ್ಚು. ತಳದ ಅಗಲ 25 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಉರುಳದಂತೆ ತಡೆಯುವ ಭ್ರಾಮಕ 15ನ್ನು 12.5ರಿಂದ ಗುಣಿಸಿದಷ್ಟು, ಎಂದರೆ 187ಕ್ಕೂ ಹೆಚ್ಚು. ತಳಕ್ಕಿಂತ ಅಂಚು ಹೊರಚಾಚಿರುವುದು ಮೂರು ಸೆಂಟಿಮೀಟರ್ ಆದರೆ, ಮಗುವಿನ ಪೂರ್ಣ ಭಾರ ಅಂಚಿನ ಮೇಲೆ ಬಿದ್ದರೂ ಉರುಳಿಸುವ ಭ್ರಾಮಕ ಕೇವಲ 27. ತುಂಬಿದ ಬಕೆಟು ಅಲುಗಾಡದು. ಇದೆಲ್ಲವೂ ಸದ್ದಿಲ್ಲದೆ ನಡೆದುಹೋಗುತ್ತದೆ. ಮುಳುಗುತ್ತಿರುವ ಮಗು ಕೂಗಲಾರದು. ಅಮೆರಿಕದಲ್ಲಿ ಸುಮಾರು 19 ಲೀಟರಿನ ಬಕೆಟುಗಳ ಮೇಲೆ ಮಗು ತಲೆಕೆಳಗಾಗಿ ಬೀಳುತ್ತಿರುವ ಎಚ್ಚರಿಕೆಯ ಚಿತ್ರವನ್ನು ಮುದ್ರಿಸುವ ವಾಡಿಕೆ ಬಂದುದು ಇಂಥ ಸಾವುಗಳಿಂದಾಗಿಯೇ.

ಆದುದರಿಂದ ನಿಯಮಗಳು ಸ್ಪಷ್ಟ. ನೀರಾಟಕ್ಕೆ ಬಕೆಟು ಬೇಡ, ಡ್ರಮ್ಮು ಬೇಡ. ಅಗಲವಾದ, ಅಂಚು ತಗ್ಗಾದ ತಟ್ಟೆಯೋ ಬೋಗುಣಿಯೋ ಇರಲಿ. ಹಿರಿಯರೊಬ್ಬರು ಕೈಯಳತೆಯ ದೂರದಲ್ಲಿ ಕುಳಿತಿರಲಿ. ಫೋನು ಕರೆದರೂ ಬಾಗಿಲು ತಟ್ಟಿದರೂ ಏಳಬೇಕಾದರೆ ಮಗುವನ್ನು ಎತ್ತಿಕೊಂಡೇ ಏಳಬೇಕು. ಆಟ ಮುಗಿದ ಕೂಡಲೇ ನೀರನ್ನು ಖಾಲಿ ಮಾಡಿ ಪಾತ್ರೆಯನ್ನು ಬೋರಲು ಹಾಕಬೇಕು. ಬಚ್ಚಲಿನಲ್ಲಿ ಬಿಸಿನೀರು ಇರಕೂಡದು; 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಎಳೆಯ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಟ್ಟುಬಿಡುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಹುಣಸೆಬೀಜ, ಕಾಳು, ಗೋಲಿಗಳನ್ನು ಕೊಡಬಾರದು; ಅವು ಗಂಟಲಿನಲ್ಲಿ ಸಿಕ್ಕಿಕೊಳ್ಳಬಲ್ಲವು. ನೀರಿನಲ್ಲಿ ಹಾಕಿದರೆ ಉಬ್ಬುವ ಬಣ್ಣ ಬಣ್ಣದ ಮಣಿಗಳಂತೂ ಮನೆಯೊಳಗೇ ಬರಬಾರದು. ತಮ್ಮ ತೂಕದ ಎಷ್ಟೋ ಪಾಲು ನೀರನ್ನು ಹೀರುವ ಈ ಮಣಿಗಳನ್ನು ಮಗು ನುಂಗಿದರೆ ಅವು ಕರುಳಿನಲ್ಲಿಯೇ ಉಬ್ಬಿ ದಾರಿಯನ್ನು ಕಟ್ಟುತ್ತವೆ. ಓಕುಳಿಯ ಕೆಂಪು ಬೇಕೆಂದು ಅರಿಶಿನಕ್ಕೆ ಸುಣ್ಣ ಬೆರೆಸುವುದೂ ಬೇಡ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಅರಿಶಿನದ ನೀರಿಗೆ ಚಿಟಿಕೆ ಅಡಿಗೆ ಸೋಡಾ ಹಾಕಿದರೂ ಅದು ಕೆಂಪಿಗೆ ತಿರುಗುತ್ತದೆ.

ನೆಗಡಿ, ನೀರು, ನೆಲ

ಇನ್ನು ಹಿರಿಯರ ಆಕ್ಷೇಪಣೆಗಳು. ನೆಗಡಿಗೆ ಕಾರಣ ವೈರಸ್ಸುಗಳು. ನೀರು ತಾನಾಗಿ ನೆಗಡಿಯನ್ನು ತಾರದು. ಆದರೆ ಮಗು ತಣ್ಣಗಾಗುವುದೆಂಬ ಭಯದಲ್ಲಿ ಸತ್ಯಾಂಶವಿದೆ. ಒಂದು ಗ್ರಾಂ ನೀರು ಚರ್ಮದಿಂದ ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. ಮೈಮೇಲೂ ಬಟ್ಟೆಯಲ್ಲೂ ಉಳಿದ 20 ಗ್ರಾಂ ನೀರು ಆವಿಯಾಗಲು ಬೇಕಾದ ಉಷ್ಣವೆಲ್ಲ 10 ಕಿಲೋಗ್ರಾಂ ತೂಕದ ಮಗುವಿನ ದೇಹದಿಂದಲೇ ಹೋಗುವುದಾದರೆ, ಅದರ ಉಷ್ಣತೆ ಒಂದು ಡಿಗ್ರಿಗೂ ಹೆಚ್ಚು ಇಳಿಯಬೇಕಾಗುತ್ತದೆ. ದೇಹವು ಉಷ್ಣವನ್ನು ಉತ್ಪಾದಿಸಿ ಈ ನಷ್ಟವನ್ನು ತುಂಬಿಕೊಳ್ಳುತ್ತದೆ, ನಿಜ. ಆದರೂ ಗಾತ್ರಕ್ಕೆ ಹೋಲಿಸಿದರೆ ಮಗುವಿನ ಮೈಯ ವಿಸ್ತೀರ್ಣ ದೊಡ್ಡವರದಕ್ಕಿಂತ ಹೆಚ್ಚು; ಆದುದರಿಂದ ಅದು ಬೇಗ ತಣ್ಣಗಾಗುತ್ತದೆ. ಉಗುರುಬೆಚ್ಚಗಿನ ನೀರು, ಬಿಸಿಲಿರುವ ಹೊತ್ತು, ಹದಿನೈದು ಇಪ್ಪತ್ತು ನಿಮಿಷಗಳ ಆಟ, ಕೂಡಲೇ ಮೈ ಒರಸಿ ಒಣ ಬಟ್ಟೆ, ಇಷ್ಟಿದ್ದರೆ ಸಾಕು.

ನೀರು ಪೋಲಾಗುವುದೆಂಬ ಆಕ್ಷೇಪಣೆಯೂ ನ್ಯಾಯವಾದುದೇ. 2024ರ ಬೇಸಗೆಯಲ್ಲಿ ಬೆಂಗಳೂರಿನ ಅನೇಕ ಕೊಳವೆಬಾವಿಗಳು ಬತ್ತಿ ಜನ ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಆದರೆ ಮಗುವಿಗೆ ಬೇಕಾದುದು ಹರಿಯುವ ಕೊಳಾಯಿಯಲ್ಲ. ಮೂರು ಲೀಟರ್ ನೀರಿನಲ್ಲಿ ಅದು ನೂರು ಸಾರಿ ಮೊಗೆದು ಸುರಿಯಬಲ್ಲದು. ಆ ನೀರನ್ನು ಕೊನೆಗೆ ಮಗುವಿನ ಕೈಯಿಂದಲೇ ತುಳಸಿಗೋ ದಾಸವಾಳಕ್ಕೋ ಹಾಕಿಸಿದರೆ ಮಿತವ್ಯಯದ ಪಾಠವೂ ಆಯಿತು. ನೆಲ ಕೊಳೆಯಾಗುವುದೆಂಬುವರು ಕೆಳಗೆ ಹಳೆಯ ಗೋಣಿಚೀಲವನ್ನು ಹಾಸಿ, ಆಟ ಮುಗಿದ ಮೇಲೆ ಒರಸುವ ಬಟ್ಟೆಯನ್ನು ಮಗುವಿನ ಕೈಗೂ ಕೊಡಲಿ. ಬಟ್ಟೆ ನೀರನ್ನು ಹೀರುವುದು ಅದಕ್ಕೆ ಇನ್ನೊಂದು ಕೌತುಕ.

1939ರಲ್ಲಿ ಮದರಾಸಿಗೆ ಬಂದು ಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದ ಮರಿಯ ಮಾಂಟೆಸೊರಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವುದನ್ನು ತಮ್ಮ ಶಿಶುವಿಹಾರಗಳಲ್ಲಿ ಒಂದು ಪಾಠವಾಗಿಯೇ ಇಟ್ಟಿದ್ದರು. ಅಂಥ ಪಾಠಕ್ಕೆ ಉಪಾಧ್ಯಾಯರ ಮಾತು ಹೆಚ್ಚು ಬೇಕಾಗುವುದಿಲ್ಲ. ಮಗುವಿಗೆ ಸೂತ್ರಗಳನ್ನು ಹೇಳಲು ಹೋಗಬೇಡಿರಿ. "ಇದು ಮುಳುಗೀತೋ ತೇಲೀತೋ?" ಎಂದು ಒಂದು ಪ್ರಶ್ನೆ ಕೇಳಿ ಸುಮ್ಮನಾಗಿರಿ. ಅದು ತಪ್ಪಾಗಿ ಊಹಿಸಲಿ, ಹಾಕಿ ನೋಡಲಿ, ಅಚ್ಚರಿಪಡಲಿ. ಊಹೆ, ಪರೀಕ್ಷೆ, ಅಚ್ಚರಿ, ಮತ್ತೆ ಊಹೆ ಎಂಬ ಈ ಕ್ರಮವನ್ನೇ ದೊಡ್ಡ ಪ್ರಯೋಗಶಾಲೆಗಳೂ ಅನುಸರಿಸುತ್ತವೆ.

ಮುಂದಿನ ಭಾನುವಾರ ಬಿಸಿಲೇರಿದ ಮೇಲೆ ಅಂಗಳದಲ್ಲಿಯೋ ತಾರಸಿಯ ನೆರಳಿನಲ್ಲಿಯೋ ಅಗಲವಾದ ತಟ್ಟೆಯೊಂದನ್ನಿಟ್ಟು, ಮೂರು ಲೀಟರ್ ನೀರು ತುಂಬಿ, ಎರಡು ಲೋಟ, ಒಂದು ಜರಡಿ, ಒಂದು ತೆಂಗಿನ ಚಿಪ್ಪನ್ನು ಮಗುವಿನ ಮುಂದಿಡಿರಿ. ನೀವು ಕೈಯಳತೆಯಲ್ಲಿಯೇ ಕುಳಿತು ನೋಡುತ್ತಿರಿ. ನಿಮ್ಮ ಪಠ್ಯಪುಸ್ತಕದ ಎಷ್ಟು ಅಧ್ಯಾಯಗಳು ಆ ತಟ್ಟೆಯಲ್ಲಿ ಕಾಣಿಸಿದುವೆಂದು ಎಣಿಸಿದರೆ, ಮಗುವಿನೊಡನೆ ನೀವೂ ಕಲಿತಂತಾಗುತ್ತದೆ.